ಎರಡನೇ ಆಲ್ಬಂ ಬಂತು

ಕುವೆಂಪುನಗರದ ನಮ್ಮ ಮನೆಯಲ್ಲಿ ‘ಎರಡನೇ ಆಲ್ಬಂ’ ಅಂದರೆ ಒಂದೇ ಅರ್ಥ. ನನ್ನ ಮದುವೆಯ ಆರತಕ್ಷತೆಯ ಆಲ್ಬಂ. ಮುಹೂರ್ತದ ಆಲ್ಬಂ ಮೂರು ತಿಂಗಳಲ್ಲಿ ಬಂದಿತ್ತು. ಆರತಕ್ಷತೆಯದ್ದು ಬರಲೇ ಇಲ್ಲ. ಫೋನ್ ಮಾಡಿದಾಗಲೆಲ್ಲ ಫೋಟೋಗ್ರಾಫರ್ ‘ಡಿಸೈನಿಂಗ್‌ನಲ್ಲಿದೆ ಸಾರ್’ ಅನ್ನುತ್ತಾನೆ. ಹನ್ನೊಂದು ವರ್ಷದಿಂದ ಡಿಸೈನಿಂಗ್‌ನಲ್ಲೇ ಇದೆ. ನಮ್ಮೂರಿನ ಅರಮನೆ ಕಟ್ಟೋದಕ್ಕೆ 1897ರಿಂದ 1912ರವರೆಗೆ ಹದಿನೈದು ವರ್ಷ ಹಿಡಿಯಿತು, ಅವನಿಗೆ ಇನ್ನೂ ನಾಲ್ಕು ವರ್ಷ ಟೈಮ್ ಇದೆ ಬಿಡಿ ಅನ್ನುತ್ತಾಳೆ ನನ್ನ ಹೆಂಡತಿ.

ಇದೆಲ್ಲ ಮರೆತು ಆಫೀಸಿನಿಂದ ಅಮ್ಮನಿಗೆ ಫೋನ್ ಮಾಡಿದ್ದೇ ತಪ್ಪಾಯಿತು.

“ಅಮ್ಮ, ಕೊರಿಯರ್‌ನವನು ಬರ್ತಾನೆ. ಎರಡನೇ ಆಲ್ಬಂ ತರ್ತಾನೆ. ಬಗ್ಗಿಸದೆ ಹುಷಾರಾಗಿ ಇಡಮ್ಮ.”

“ಬಂತೇನೋ ಕೊನೆಗೂ!”

ಆ ದನಿಯಲ್ಲಿದ್ದ ಖುಷಿ ಕೇಳಿ ನನಗೆ ಗಂಟಲು ಕಟ್ಟಿತು. ಮಗನ ಸಂಗೀತದ ಹುಚ್ಚು ಅಮ್ಮನಿಗೆ ಇಷ್ಟು ವರ್ಷದ ಮೇಲೆ ಅರ್ಥವಾಯಿತಲ್ಲ ಅಂದುಕೊಂಡೆ.

ಬರಬೇಕಿದ್ದದ್ದು ವೀಜರ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಎರಡನೇ ಆಲ್ಬಂನ ಎಲ್‌ಪಿ, ಅಂದರೆ ಹಾಡಿನ ತಟ್ಟೆ. ಹೆಸರು ‘ಪಿಂಕರ್ಟನ್’. ದೋಸೆ ಹುಯ್ಯುವವರಿಗೆ ಗೊತ್ತು, ಮೊದಲನೇದು ಕಾವಲಿಗೆ ಅಂಟುತ್ತೆ, ಎರಡನೇದರಿಂದ ಸರಿಹೋಗುತ್ತೆ. ಬ್ಯಾಂಡ್‌ಗಳ ವಿಷಯದಲ್ಲಿ ಇದು ಉಲ್ಟಾ. 1994ರಲ್ಲಿ ಬಂದ ಇವರ ಮೊದಲ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಆಮೇಲೆ ಹಾಡುಗಾರ ರಿವರ್ಸ್ ಕ್ವೋಮೋ ಏನು ಮಾಡಿದ ಗೊತ್ತಾ? ಹೆಸರು, ದುಡ್ಡು ಎಲ್ಲ ಕೈಗೆ ಬಂದ ಹೊತ್ತಿನಲ್ಲಿ ಹಾರ್ವರ್ಡ್‌ಗೆ ಓದೋಕೆ ಹೋಗಿ ಕೂತ. ಅವನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಅದನ್ನು ಉದ್ದ ಮಾಡಿಸಲು ಆಪರೇಷನ್ ಮಾಡಿಸಿಕೊಂಡ. ನೋವು, ಕೋಲು, ಜೊತೆಗೆ ಒಬ್ಬಂಟಿತನ. ಅದನ್ನೆಲ್ಲ ಹಸಿಹಸಿಯಾಗಿ ಹತ್ತು ಹಾಡುಗಳಿಗೆ ಸುರಿದ. 1996ರ ಸೆಪ್ಟೆಂಬರ್ 24ಕ್ಕೆ ಆಲ್ಬಂ ಹೊರಗೆ ಬಂತು. ಜನ ಮುಖ ತಿರುಗಿಸಿದರು.

ನಾನು ತಿರುಗಿಸಲಿಲ್ಲ. ಅದು ನನ್ನ ದೊಡ್ಡ ಗುಣವೇನಲ್ಲ. ಡಿಗ್ರಿ ಓದುವಾಗ ಬಲ್ಲಾಳ್ ಸರ್ಕಲ್ ಹತ್ತಿರ ಲೂನಾದಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ನೋಡೋಕೆ ಬಂದ ಗೆಳೆಯ ಹಣ್ಣಿನ ಬದಲು ಒಂದು ಕ್ಯಾಸೆಟ್ ತಂದಿದ್ದ. ಟೇಪ್ ರೆಕಾರ್ಡರ್‌ಗೆ ಅದನ್ನು ಹಾಕಿ, ಕಾಫಿ ಕುಡಿದು ಹೊರಟುಹೋದ. ಗಿಟಾರುಗಳು ಹಳೇ ಮಿಕ್ಸಿ ಥರ ಗುರ್‌ ಅಂದವು. ಆಫ್ ಮಾಡೋಣ ಅಂದರೆ ಟೇಪ್ ರೆಕಾರ್ಡರ್ ಆರು ಅಡಿ ದೂರ. ಏಳೋಕಾಗಲ್ಲ. ಹಾಗಾಗಿ ಪೂರ್ತಿ ಕೇಳಿದೆ. ಅವತ್ತು ಹಿಂಸೆ ಆಯಿತು. ಮೂರನೇ ದಿನಕ್ಕೆ ನಾನೇ ತಂಗಿಯನ್ನು ಕರೆದು ತಿರುಗಿಸಿ ಹಾಕಿಸಿಕೊಳ್ಳುತ್ತಿದ್ದೆ. ಈ ಆಲ್ಬಂ ಇಷ್ಟವಾಗಬೇಕಾದರೆ ಒಂದು ಕಾಲು ಮುರಿದಿರಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಸರಿ, ಸಂಜೆ ಮನೆಗೆ ಬಂದೆ. ಬಾಗಿಲ ಹತ್ತಿರ ಎಂಟು ಜೊತೆ ಚಪ್ಪಲಿ. ಸರಸ್ವತಿಪುರಂನಿಂದ ಅತ್ತೆ ಆಟೋ ಮಾಡಿಕೊಂಡು ಬಂದಿದ್ದಾರೆ. ಪಕ್ಕದ ಮನೆ ಆಂಟಿ ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. ಮಧ್ಯದಲ್ಲಿ ಟೀಪಾಯಿ ಮೇಲೆ ಬಿಚ್ಚಿದ ಪಾರ್ಸೆಲ್ಲು. ಎಲ್ಲರ ಮುಖ ಊಟ ಮುಗಿದ ಮೇಲೆ ಛತ್ರಕ್ಕೆ ಬಂದವರ ಥರ ಇತ್ತು.

ಆ ರಟ್ಟಿನ ಮೇಲಿರೋದು ಹಿರೋಶಿಗೆ ಅನ್ನೋ ಜಪಾನಿ ಕಲಾವಿದನ ಚಿತ್ರ. ಕಂಬಾರಾ ಅನ್ನೋ ಊರು, ರಾತ್ರಿ, ಎಲ್ಲೆಲ್ಲೂ ಹಿಮ, ಬಗ್ಗಿಕೊಂಡು ನಡೆಯೋ ಜನ.

“ಇದ್ಯಾವ ಛತ್ರನಪ್ಪಾ? ಎಲ್ಲಾ ಕಡೆ ಹತ್ತಿ ಹಾಕಿದಾರೆ” ಅಂದರು ಆಂಟಿ.

“ನಾನು ಅವತ್ತು ರಾಮಾ ಗ್ರೀನ್ ಸೀರೆ ಉಟ್ಟಿದ್ದೆ. ಇದರಲ್ಲಿ ಎಲ್ಲಿದೀನಿ?” ಅಂದರು ಅತ್ತೆ.

ನಾನು ವಿವರಿಸೋಕೆ ಹೋದೆ. ವಿವರಿಸಬಾರದಿತ್ತು. ಪಿಂಕರ್ಟನ್ ಅನ್ನೋದು ಪುಚ್ಚೀನಿ ಬರೆದ ‘ಮದಾಮಾ ಬಟರ್‌ಫ್ಲೈ’ ಅನ್ನೋ ಒಪೆರಾದಲ್ಲಿ ಬರೋ ನೌಕಾಪಡೆ ಅಧಿಕಾರಿಯ ಹೆಸರು, ಜಪಾನಿನಲ್ಲಿ ಮದುವೆಯಾಗಿ ಹೆಂಡತಿಯನ್ನು ಬಿಟ್ಟುಹೋಗ್ತಾನೆ ಅಂದೆ. ಅತ್ತೆ ನನ್ನ ಹೆಂಡತಿಯ ಮುಖ ನೋಡಿದರು. ವಿಷಯ ಬದಲಿಸಲು ಲೆಕ್ಕ ಹೇಳಿದೆ. 1996ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಇದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಂಗಳಲ್ಲಿ ಮೂರನೆಯದು ಅಂದರು. 2002ರಲ್ಲಿ ಅದೇ ಪತ್ರಿಕೆಯ ಓದುಗರು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳಲ್ಲಿ 16ನೇ ಸ್ಥಾನ ಕೊಟ್ಟರು.

“ಹಾಗಾದ್ರೆ ಈಗಲೇ ಹಾಕಬೇಡ. ಆರು ವರ್ಷ ಬಿಟ್ಟು ಕೇಳೋಣ” ಅಂದರು ಅತ್ತೆ, ಚೀಲ ಎತ್ತಿಕೊಳ್ಳುತ್ತಾ.

ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು. “ಎಷ್ಟು ಕೊಟ್ಟೆ?”

“ಮುನ್ನೂರು” ಅಂದೆ. ಒಂದು ಸೊನ್ನೆ ಕಮ್ಮಿ ಹೇಳಿದ್ದೆ. ಮೈಸೂರಿನ ಮನೆಗಳಲ್ಲಿ ಶಾಂತಿ ಉಳಿದಿರೋದೇ ಈ ಒಂದು ಸೊನ್ನೆಯಿಂದ.

ಆದರೆ ಆ ಸೊನ್ನೆ ಏಪ್ರಿಲ್‌ನಲ್ಲಿ ಸೇಡು ತೀರಿಸಿಕೊಂಡಿತು. ಭಾನುವಾರ ಬೆಳಗ್ಗೆ ಮಾರ್ಕೆಟ್‌ನಿಂದ ವಾಪಸ್ ಬಂದು ತಾರಸಿಗೆ ಹೋದರೆ, ಹಳೇ ಪಂಚೆ ಹಾಸಿ ಅಮ್ಮ ಸಬ್ಬಕ್ಕಿ ಸಂಡಿಗೆ ಇಡ್ತಾ ಇದ್ದಾಳೆ. ಪಕ್ಕದಲ್ಲಿ ಕುದಿಸಿ ಇಳಿಸಿದ ಹಿಟ್ಟಿನ ದೊಡ್ಡ ಡಬರಿ. ಅದರ ಬಾಯಿಗೆ ಹಿಮ ಸುರಿಯುವ ಕಂಬಾರಾ. ಕಂಬಾರಾ ಮೇಲೆ, ಕಾಗೆ ತಳ್ಳದಿರಲಿ ಅಂತ, ಒಂದು ಗುಂಡುಕಲ್ಲು. ಕೆಳಗಿಂದ ಹಬೆ, ಮೇಲಿಂದ ಬಿಸಿಲು.

“ಅಮ್ಮಾ! ಇದೇನಿದು?”

“ಡಬರಿ ಮುಚ್ಚಳ ಸಿಗಲಿಲ್ಲ ಕಣೋ. ಮೇಲೆ ಪ್ಲಾಸ್ಟಿಕ್ ಇತ್ತಲ್ಲ, ಒರೆಸಿಟ್ಟರಾಯ್ತು ಅಂತ. ಮುನ್ನೂರು ರೂಪಾಯಿದು ತಾನೇ?”

ಏನಂತ ಉತ್ತರ ಕೊಡಲಿ? ಸುಮ್ನೆ ನಿಂತೆ.

“ಅದೇ ಶೆಲ್ಫಲ್ಲಿ ನೀಲಿದು ಒಂದಿತ್ತಲ್ಲಮ್ಮ?” ಅಂದೆ ಕೊನೆಗೆ. ನೀಲಿದು ಅಂದರೆ ಇವರದೇ ಮೊದಲ ಆಲ್ಬಂ. ರಟ್ಟಿನ ಮೇಲೆ ನೀಲಿ ಗೋಡೆ ಮುಂದೆ ನಾಲ್ಕು ಹುಡುಗರು ಸಾಲಾಗಿ ನಿಂತಿದ್ದಾರೆ.

“ಅದನ್ನೂ ತೆಗೆದೆ. ಪಾಪ, ಹುಡುಗರ ಫೋಟೋ ಇದೆ. ಬಿಸಿಲಿಗೆ ಇಡೋಕೆ ಮನಸ್ಸು ಬರಲಿಲ್ಲ.”

ನಮ್ಮ ತಾರಸಿ ಮೇಲೂ ಮೊದಲನೇದಕ್ಕೇ ಮರ್ಯಾದೆ. ಎರಡನೇದು ಡಬರಿಗೆ.

ಒಳಗಿನ ತಟ್ಟೆ ತೆಗೆದು ನೋಡಿದೆ. ಒಗ್ಗರಣೆ ಹಾಕಬಹುದಾದಷ್ಟು ಚೆನ್ನಾಗಿ ಬಾಂಡ್ಲಿ ಆಕಾರಕ್ಕೆ ಬಂದಿತ್ತು. ಆದರೂ ಆಸೆ ಬಿಡಲಿಲ್ಲ. ಪ್ಲೇಯರ್ ಮೇಲಿಟ್ಟೆ. ಮುಳ್ಳು ಚಾಮುಂಡಿ ಬೆಟ್ಟ ಹತ್ತಿ ಇಳಿದ ಹಾಗೆ ಮೇಲೆ ಕೆಳಗೆ ಹೋಯಿತು. ಕ್ವೋಮೋ ಎರಡು ಸಾಲು ಕುಂಟಿಕೊಂಡು ಹಾಡಿ, ಜಾರಿ ಆಚೆ ಬಿದ್ದ. ಪಾಪ, ಮತ್ತೆ ಅದೇ ಕಾಲು.

ಅಮ್ಮನಿಗೂ ಬೇಜಾರಾಗಿರಬೇಕು. ಏನೂ ಹೇಳದೆ ಅದರ ನಡುವಿನ ತೂತಿಗೆ ದಾರ ಪೋಣಿಸಿ, ಸಂಡಿಗೆ ಮೇಲೆ ತಂತಿಗೆ ನೇತು ಹಾಕಿದಳು. ಗಾಳಿಗೆ ತಿರುಗಿ ಮಿಂಚಿದರೆ ಕಾಗೆ ಹತ್ತಿರ ಬರಲ್ಲವಂತೆ. ಸಂಜೆ ಪಂಚೆ ಮಡಿಸೋಕೆ ಹೋದಾಗ ನೋಡಿದೆ. ಬಾಂಡ್ಲಿಯೊಳಗೆ ಒಂದು ಕಾಗೆ ಆರಾಮಾಗಿ ಕೂತು ಸಂಡಿಗೆ ತಿನ್ನುತ್ತಿತ್ತು.