ಕೊಡಗಿಗೆ ಒಂದೇ ಹಗಲು ಯಾಕೆ?

ನಾನಿರುವುದು ಪುಣೆಯಲ್ಲಿ. ಏಪ್ರಿಲ್ ಬಂತೆಂದರೆ ಇಲ್ಲಿನ ಕನ್ನಡದ ಮನೆಗಳಲ್ಲಿ ಒಂದೇ ಲೆಕ್ಕಾಚಾರ. ಮೊದಲು ಮೈಸೂರು, ಆಮೇಲೆ ಕೊಡಗು, ಕೊನೆಗೆ ಮಂಗಳೂರು. ಪೇಟೆ, ಬೆಟ್ಟ, ಕಡಲು ಮೂರೂ ಒಂದೇ ರಜೆಯಲ್ಲಿ. ದಾರಿಯೂ ಅನುಕೂಲವಾಗಿದೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ., ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಮಂಗಳೂರು. ನನ್ನ ತಕರಾರು ಇರುವುದು ನಡುವಿನ ಕೊಡಗಿನ ಬಗ್ಗೆ. ಮೈಸೂರಿನಲ್ಲಿ ನೆಂಟರು ಬಿಡುವುದಿಲ್ಲ, ಮಂಗಳೂರಿನಲ್ಲಿ ಮೀನು ಬಿಡುವುದಿಲ್ಲ. ಕೊಡಗಿಗೆ ಉಳಿಯುವುದು ಒಂದು ರಾತ್ರಿ, ಒಂದು ಹಗಲು. ಆ ಹಗಲಿನಲ್ಲೇ ಅಬ್ಬಿ ಜಲಪಾತ, ದುಬಾರೆಯ ಆನೆ ಶಿಬಿರ, ತಲಕಾವೇರಿ ಎಲ್ಲ ಮುಗಿಸಿ ಸಂಜೆಗೆ ರಾಜಾಸೀಟಿನಲ್ಲಿ ಫೋಟೋ!

ಈ ಚಟ ನಮಗೆ ಮಹಾಬಲೇಶ್ವರದಿಂದ ಅಂಟಿದ್ದು ಅಂತ ನನ್ನ ಗುಮಾನಿ. ಅಲ್ಲಿ ಎಲ್ಲವೂ ಪಾಯಿಂಟ್. ವಿಲ್ಸನ್ ಪಾಯಿಂಟ್, ಆರ್ಥರ್ ಸೀಟ್, ಇನ್ನೂ ಏನೇನೋ. ಟ್ಯಾಕ್ಸಿಯವರು ಪಟ್ಟಿ ಹಿಡಿದುಕೊಂಡೇ ನಿಂತಿರುತ್ತಾರೆ. ಅಲ್ಲಿಗೆ ಅದು ಸರಿ. ಹಳೆಯ ದೇವಸ್ಥಾನದ ಊರನ್ನು ಬಿಟ್ಟರೆ ಉಳಿದ ಮಹಾಬಲೇಶ್ವರವನ್ನು ಬ್ರಿಟಿಷರು ಬೇಸಿಗೆ ಕಳೆಯಲೆಂದೇ ಬೆಳೆಸಿದರು. ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್ ಕೂಡ ಹಾಗೇ. ಕೊಡಗಿನ ಕಥೆ ಬೇರೆ. ಮಡಿಕೇರಿ 1681ರಲ್ಲಿ ಮುದ್ದುರಾಜ ಕಟ್ಟಿದ ರಾಜಧಾನಿ. 1956ರ ತನಕ ಕೊಡಗು ತನ್ನದೇ ವಿಧಾನಸಭೆ ಇದ್ದ ಪುಟ್ಟ ರಾಜ್ಯವಾಗಿತ್ತು. ಇವತ್ತಿಗೂ ಬೆಟ್ಟದ ತುಂಬ ಕಾಫಿ, ಮೆಣಸು, ಗದ್ದೆ, ಮನೆ. ಅಲ್ಲಿನವರು ಬದುಕು ಮಾಡುವ ಜಾಗ ಅದು. ಪಟ್ಟಿ ಹಿಡಿದು ಓಡುವವರಿಗೆ ಇದು ಕಾಣುವುದೇ ಇಲ್ಲ.

ಮಹಾರಾಷ್ಟ್ರದವರಿಂದ ಕಲಿಯಬೇಕಾದದ್ದು ಬೇರೆ ಇದೆ: ಅವರು ಕೊಂಕಣಕ್ಕೆ ಹೋಗುವ ರೀತಿ. ಮೇ ತಿಂಗಳಲ್ಲಿ ಕೊಂಕಣದಿಂದ ಮುಂಬೈಗೆ ದುಡಿಯಲು ಬಂದ ಚಾಕರಮಾನಿಗಳು ಊರಿನ ಮನೆಗೆ ಹೋಗಿ ಸುಮ್ನೆ ಬಿದ್ದಿರುತ್ತಾರೆ. ಊರಿಲ್ಲದವರು ಗುಹಾಗರ, ದಾಪೋಲಿ ಕಡೆ ಯಾರದೋ ಮನೆಯಲ್ಲಿ ಕೋಣೆ ಹಿಡಿಯುತ್ತಾರೆ. ಮಧ್ಯಾಹ್ನ ಎಷ್ಟು ಊಟ ಅಂತ ಬೆಳಗ್ಗೆಯೇ ಹೇಳಿಬಿಡಬೇಕು. ಆ ಮನೆಯವರು ಮಾಡಿದ್ದೇ ಊಟ. ಮಾವು, ಹಲಸು, ನಿದ್ದೆ, ಸಂಜೆ ಕಡಲು. ಮಕ್ಕಳಿಗೆ ಬೇಜಾರಾಗುತ್ತದೆ, ಆಗಲಿ. ಎರಡನೇ ದಿನಕ್ಕೆ ಅವೇ ಆಟ ಹುಡುಕಿಕೊಳ್ಳುತ್ತವೆ.

ಕೊಡಗಿನ ಹೋಂಸ್ಟೇಗಳಲ್ಲೂ ಹೀಗೇ ಇರಬಹುದಲ್ವಾ? ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟದ ನಡುವೆ ಮನೆಗಳಿವೆ. ಮೇ ಹೊತ್ತಿಗೆ ಕಾಫಿ ಕೊಯ್ಲು ಮುಗಿದಿರುತ್ತದೆ, ಹೂ ಮಳೆಗೆ ಅರಳಿದ ಬಿಳಿ ಹೂವೂ ಉದುರಿರುತ್ತದೆ. ತೋರಿಸಲು ಏನೂ ಇಲ್ಲ ಅಂತ ಮನೆಯವರೇ ಸಂಕೋಚಪಡುತ್ತಾರೆ. ಆದರೆ ಹಲಸು ಹಣ್ಣಾಗುವ ಕಾಲ, ಆ ವಾಸನೆಗೆ ಕಾಡಾನೆ ತೋಟಕ್ಕೆ ಬರುತ್ತದೆ. ಕತ್ತಲಾದ ಮೇಲೆ ಅಂಗಳ ದಾಟಬೇಡಿ ಅನ್ನುತ್ತಾರೆ. ಆನೆ ಶಿಬಿರದಲ್ಲಿ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿ ಬಂದ ಮಕ್ಕಳಿಗೆ, ಆನೆ ಅಂದರೆ ಒಬ್ಬ ರೈತನಿಗೆ ಏನು ಅಂತ ಗೊತ್ತಾಗುವುದು ಇಲ್ಲೇ.

ಊಟಕ್ಕೆ ಅಕ್ಕಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಮಾಂಸ ತಿನ್ನದವರಿಗೆ ಹಾಲು, ಕಾಯಿತುರಿ ಹಾಕಿ ಬೇಯಿಸಿದ ಪಾಪುಟ್ಟು. ಪಂದಿ ಕರಿಗೆ ಆ ಕಪ್ಪು ಬಣ್ಣ, ಹುಳಿ ಕೊಡುವ ಕಾಚಂಪುಳಿಯೂ ಕೊಂಕಣದ ಪಾನೀಯ ಸೋಲ್‌ಕಢಿಗೆ ಹಾಕುವ ಕೋಕಂ ಹುಳಿ ಕೂಡ ಒಂದೇ ಜಾತಿಯ ಮರಗಳಿಂದ ಬಂದ ದಾಯಾದಿಗಳು. ಇಷ್ಟೆಲ್ಲ ಇದ್ದೂ ಪನೀರ್ ಬಟರ್ ಮಸಾಲಾ ಕೇಳುವ ನಮ್ಮವರಿದ್ದಾರೆ. ಕೇಳುವವರಿದ್ದರೆ ಕೊಡುವವರೂ ಹುಟ್ಟಿಕೊಳ್ಳುತ್ತಾರೆ. ನಾವು ಉಳಿದ ಒಂದು ಕಡೆ ರಾತ್ರಿ ಹನ್ನೊಂದರವರೆಗೆ ಬೆಂಕಿ ಹಾಕಿ ಡಿಜೆ ಕುಣಿತ. ತೋಟದ ನಾಯಿಗಳಿಗೂ ನಿದ್ದೆ ಇಲ್ಲ.

ಬೇಸಿಗೆಯಲ್ಲೇ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ್ದು. ಪ್ರತಿ ವರ್ಷ ಒಂದು ಕುಟುಂಬ ನಡೆಸಿಕೊಡುತ್ತದೆ, ಗೆದ್ದವರ ಕಪ್‌ಗೂ ಆ ಮನೆತನದ್ದೇ ಹೆಸರು. 2018ರ ಮಳೆ, ಗುಡ್ಡ ಕುಸಿತದ ಅನಾಹುತ, ಆಮೇಲೆ ಕೊರೋನಾ ಅಂತ ಕೆಲವು ವರ್ಷ ನಿಂತು, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯಿತು. 2025ರಲ್ಲಿ ಮುದ್ದಂಡ ಕುಟುಂಬದವರು ಮಡಿಕೇರಿಯಲ್ಲಿ ನಡೆಸಿದರು. ತಂಡ ಅಂದರೆ ಮನೆತನ. ಅಪ್ಪ, ಮಗಳು, ಸೋದರತ್ತೆ ಒಂದೇ ತಂಡದಲ್ಲಿ ಆಡಬಹುದು. ದೇಶಕ್ಕೆ ಆಡಿದವರ ಪಕ್ಕದಲ್ಲೇ ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಚಿಕ್ಕಪ್ಪ. ಇಂಥದ್ದನ್ನು ನಾನು ಮಹಾರಾಷ್ಟ್ರದಲ್ಲಿ ನೋಡಿಲ್ಲ. ಆದರೂ ಪುಣೆಯಿಂದ ಹೋಗುವವರ ಪಟ್ಟಿಯಲ್ಲಿ ಈ ಹಾಕಿ ಹಬ್ಬ ಇರುವುದಿಲ್ಲ. ಅಬ್ಬಿಯಲ್ಲಿ ಬೇಸಿಗೆಗೆ ನೀರು ಕಡಿಮೆ ಇರುತ್ತದೆ, ಆದರೂ ಪಟ್ಟಿಯಲ್ಲಿ ಅಬ್ಬಿ ಮಾತ್ರ ಇರುತ್ತದೆ!

ಇನ್ನು ಗಾಡಿಗಳ ಮಾತು. ಮಾಥೇರಾನ್‌ನಲ್ಲಿ ಕಾರನ್ನು ದಸ್ತೂರಿಯಲ್ಲೇ ಬಿಟ್ಟು ಒಳಗೆ ಹೋಗಬೇಕು. ನಡೆಯಿರಿ, ಕುದುರೆ ಹತ್ತಿ, ಇಲ್ಲವೇ 1907ರ ಪುಟ್ಟ ರೈಲು ಹಿಡಿಯಿರಿ. ಕೊಡಗಿನಲ್ಲೂ ಹಾಗೇ ಮಾಡಬೇಕು ಅನ್ನುವ ಗೆಳೆಯರಿದ್ದಾರೆ. ಒಪ್ಪುವುದು ಕಷ್ಟ. ಮಾಥೇರಾನ್ ಒಂದು ಸಣ್ಣ ಊರು, ಕೊಡಗು ಒಂದು ಜಿಲ್ಲೆ. ರೈಲಿಲ್ಲದ ಜಿಲ್ಲೆ. ಕಾಫಿ ಮೂಟೆ ಸಾಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಆದರೆ ರಜೆಯ ದಿನಗಳಲ್ಲಿ ಅಬ್ಬಿ, ತಲಕಾವೇರಿಗೆ ಮಡಿಕೇರಿ, ಭಾಗಮಂಡಲದಿಂದ ಬಸ್ಸು ಮಾತ್ರ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮಾಂದಲಪಟ್ಟಿಯ ಗುಡ್ಡಕ್ಕೆ ಬಾಡಿಗೆ ಜೀಪು ಹತ್ತುವವರಿಗೆ ಬಸ್ಸು ಹತ್ತಲು ಏನು ಧಾಡಿ?

ಮೈಸೂರು, ಮಂಗಳೂರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಡಲು ನಮಗೆ ಕೊಂಕಣದಲ್ಲೂ ಇದೆ, ಪಣಂಬೂರಿನಲ್ಲಿ ಒಂದು ಸಂಜೆ, ಬಂಗುಡೆ ಪುಳಿಮುಂಚಿ, ನೀರುದೋಸೆ ಸಾಕು. ಭಾನುವಾರ ಮೈಸೂರಿನಲ್ಲಿರಿ, ಸಂಜೆ ಅರಮನೆಯ ದೀಪ ಹಚ್ಚುತ್ತಾರೆ. ಸೋಮವಾರ ಬೆಳಗ್ಗೆ ಕೊಡಗಿಗೆ ಹೊರಡಿ. ಅಷ್ಟು ಹೊತ್ತಿಗೆ ಬೆಂಗಳೂರಿನ ಕಾರುಗಳು ವಾಪಸ್ ಹೋಗಿರುತ್ತವೆ, ಹೋಂಸ್ಟೇಯವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಶುಕ್ರವಾರದವರೆಗೆ ಅಲ್ಲೇ ಇರಿ. ಸಂಪಾಜೆ ಘಾಟಿ ಹಗಲಲ್ಲೇ ಇಳಿಯಿರಿ, 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದ ಜಾಗ ಇದೇ ದಾರಿಯಲ್ಲಿದೆ, ಮಕ್ಕಳಿಗೆ ತೋರಿಸಿ. ಸಂಜೆಗೆ ಕುಶಾಲನಗರದ ಕಡೆಯಿಂದ ವಾರಾಂತ್ಯದ ಗಾಡಿಗಳ ಸಾಲು ಶುರುವಾಗುತ್ತದೆ. ಅಷ್ಟರಲ್ಲಿ ನೀವು ಸುಳ್ಯ ದಾಟಿರಬೇಕು.