"ರಕ್ತಸ್ರಾವದ ತೊಂದರೆ ಇದೆಯಾ?" ಅಂತ ಕೇಳಿದರೆ ಸಾಲದು

ಹಲ್ಲು ಕೀಳುವ ಮೊದಲು ಒಂದು ಫಾರಂ ತುಂಬಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಈ ಪ್ರಶ್ನೆ ಇರುತ್ತದೆ. ನಾನು ಮೂರು ಸಲ "ಇಲ್ಲ" ಅಂತ ಬರೆದಿದ್ದೇನೆ. ಸುಳ್ಳು ಹೇಳಬೇಕು ಅಂತಲ್ಲ, ಇಲ್ಲ ಅಂತಲೇ ನಂಬಿದ್ದೆ. ಅಮ್ಮನಿಗೆ ಮುಟ್ಟು ಎಂಟು ಒಂಬತ್ತು ದಿನ ಇರುತ್ತಿತ್ತು. ಚಿಕ್ಕಮ್ಮನಿಗೂ ಹಾಗೇ. ಅಜ್ಜಿಯಂತೂ ಪ್ರತಿ ಹೆರಿಗೆ ಆದಮೇಲೂ ರಕ್ತ ನಿಲ್ಲದೆ ವಾರಗಟ್ಟಲೆ ಮೇಲೇಳುತ್ತಿರಲಿಲ್ಲವಂತೆ. ನಮ್ಮ ಮನೆಯ ಹೆಂಗಸರ ಮೈಯೇ ಹಾಗೆ ಅಂದುಕೊಂಡು ಬೆಳೆದೆ. ಮನೆಯಲ್ಲಿ ಎಲ್ಲರಿಗೂ ಇರುವುದನ್ನು ತೊಂದರೆ ಅಂತ ಯಾರು ಬರೆಯುತ್ತಾರೆ?

ನನಗೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇದೆ ಅಂತ ಗೊತ್ತಾದಾಗ 36 ವರ್ಷ. ರಕ್ತ ನಿಲ್ಲಲು ಬೇಕಾದ ಅದೇ ಹೆಸರಿನ ಪ್ರೋಟೀನು ಕಡಿಮೆ ಇರುವ ಅಥವಾ ಸರಿಯಾಗಿ ಕೆಲಸ ಮಾಡದ, ಮನೆತನದಲ್ಲಿ ಹರಿದುಬರುವ ಕಾಯಿಲೆ ಅದು. ಅಲ್ಲಿಯವರೆಗೆ ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದೆ. ರಕ್ತ ಕಡಿಮೆ ಇದೆ ಅಂತ ಎಲ್ಲರೂ ಹೇಳಿದರು. ಅದು ಎಲ್ಲಿಗೆ ಹೋಗುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ.

ಕೊನೆಗೆ ಕೇಳಿದ್ದು ಒಬ್ಬ ರಕ್ತರೋಗ ತಜ್ಞೆ. ಅರ್ಧ ಗಂಟೆ ಬರೀ ಮಾತು. ಮುಟ್ಟು ಜಾಸ್ತಿಯಾ ಅಂತ ಅವರು ಕೇಳಲಿಲ್ಲ. ಎಷ್ಟು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸುತ್ತೀರಿ, ರಾತ್ರಿ ಅದಕ್ಕಾಗಿ ಏಳುತ್ತೀರಾ, ಗಡ್ಡೆ ಗಡ್ಡೆಯಾಗಿ ಹೋಗುತ್ತದಾ, ಎಷ್ಟು ದೊಡ್ಡದು? ಮೂಗಿನಿಂದ ರಕ್ತ ಬಂದರೆ ಹತ್ತು ನಿಮಿಷದಲ್ಲಿ ನಿಲ್ಲುತ್ತದಾ? ಏಟು ಬೀಳದೇ ಮೈಮೇಲೆ ನೀಲಿ ಕಲೆ ಬರುತ್ತದಾ? ಹಲ್ಲು ಕೀಳಿಸಿದ ಮಾರನೇ ದಿನ ಮತ್ತೆ ಡಾಕ್ಟರ ಹತ್ತಿರ ಓಡಿದ್ದಿದೆಯಾ? ಹುಟ್ಟಿದಾಗ ಹೊಕ್ಕುಳಬಳ್ಳಿ ಬಿದ್ದ ಜಾಗದಲ್ಲಿ ರಕ್ತ ಸೋರಿತ್ತಾ? ಅಪ್ಪ ಅಮ್ಮ ಮೊದಲೇ ಸಂಬಂಧಿಕರಾ? ನೋವಿನ ಮಾತ್ರೆ ಯಾವುದು ತಗೊಳ್ತೀರಿ? ಆಸ್ಪಿರಿನ್, ಐಬುಪ್ರೊಫೆನ್‌ನಂಥವೂ ರಕ್ತಸ್ರಾವ ಹೆಚ್ಚಿಸುತ್ತವೆ, ಅದಕ್ಕೇ ಈ ಕೊನೆಯ ಪ್ರಶ್ನೆ.

ಇದನ್ನು ಸುಮ್ನೆ ಕುಶಲ ವಿಚಾರಿಸುವುದು ಅಂದುಕೊಳ್ಳಬೇಡಿ. ರಕ್ತ ಎಲ್ಲಿಂದ ಬಂತು, ಯಾವಾಗ ಬಂತು ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಒಸಡು, ಮೂಗು, ಮುಟ್ಟು, ಗಾಯವಾದ ಕೂಡಲೇ ಸುರಿಯುವ ರಕ್ತ: ಇವೆಲ್ಲ ರಕ್ತ ನಿಲ್ಲಿಸುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್ ಅಥವಾ ವಾನ್ ವಿಲ್ಲೆಬ್ರಾಂಡ್ ಪ್ರೋಟೀನಿನ ಕಡೆಗೆ ಬೆರಳು ತೋರಿಸುತ್ತವೆ. ಕೀಲು, ಮಾಂಸಖಂಡದ ಒಳಗೆ ರಕ್ತ ತುಂಬಿ ಊದುವುದು, ಮೊದಲು ನಿಂತಂತಾಗಿ ಗಂಟೆಗಳ ನಂತರ ಮತ್ತೆ ಶುರುವಾಗುವುದು ಹಿಮೋಫಿಲಿಯಾದ ಲಕ್ಷಣ; ಅದು ಹೆಪ್ಪುಗಟ್ಟಿಸುವ ಬೇರೆ ಪ್ರೋಟೀನಿನ ಕೊರತೆ, ಹೆಚ್ಚಾಗಿ ಗಂಡಸರಿಗೆ ಬರುವಂಥದ್ದು. ಹೊಕ್ಕುಳಿನ ಸೋರಿಕೆ ಕೇಳಿದರೆ ಹೆಪ್ಪನ್ನು ಗಟ್ಟಿಗೊಳಿಸುವ ಪ್ರೋಟೀನಾದ ಫ್ಯಾಕ್ಟರ್ 13ರ ಕೊರತೆ ನೆನಪಾಗಬೇಕು. ಅದರಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಮಾಮೂಲಿ ಪರೀಕ್ಷೆಗಳಾದ ಪಿಟಿ, ಎಪಿಟಿಟಿ ಎರಡೂ ಸರಿಯಾಗಿಯೇ ಬರುತ್ತವೆ.

ನನಗೆ ಸಿಟ್ಟು ಬರುವುದು ಇಲ್ಲೇ. "ರಿಪೋರ್ಟ್ ನಾರ್ಮಲ್, ಹೋಗಿ ಬನ್ನಿ" ಅಂತ ನನ್ನನ್ನು ಎರಡು ಸಲ ಕಳಿಸಿದ್ದರು. ಮಾಡಿದ್ದು ಅದೇ ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಎಣಿಕೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಸೌಮ್ಯವಾಗಿದ್ದರೆ ಈ ಮೂರೂ ಸರಿ ಇರಬಹುದು. ಪ್ಲೇಟ್‌ಲೆಟ್ ಲೆಕ್ಕಕ್ಕೆ ಸರಿಯಾಗಿದ್ದು ಕೆಲಸ ಮಾತ್ರ ಮಾಡದೇ ಇರಬಹುದು. ವಾನ್ ವಿಲ್ಲೆಬ್ರಾಂಡ್ ಪ್ರೋಟೀನನ್ನೇ ಅಳೆದರೂ ಒಂದು ಸಲ ಸಾಲದು. ಬಸುರಿಯಾಗಿದ್ದಾಗ, ಸೋಂಕು ಇದ್ದಾಗ, ಗಾಬರಿಯಲ್ಲಿದ್ದಾಗ ಅದರ ಮಟ್ಟ ಏರುತ್ತದೆ. ಕಥೆ ಗಟ್ಟಿಯಾಗಿದ್ದರೆ ಒಂದು ನಾರ್ಮಲ್ ರಿಪೋರ್ಟ್ ನೋಡಿ ಫೈಲು ಮುಚ್ಚಬಾರದು.

1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಈ ಕಾಯಿಲೆಯ ಬಗ್ಗೆ ಬರೆದರು. ಓಲಂಡ್ ದ್ವೀಪಗಳ ಐದು ವರ್ಷದ ಹುಡುಗಿಯೊಬ್ಬಳು ಅವರ ಹತ್ತಿರ ಬಂದಿದ್ದಳು. ಅವರು ಅವಳೊಬ್ಬಳನ್ನೇ ನೋಡಿ ಬಿಡಲಿಲ್ಲ. ಆ ಮನೆತನದ 66 ಜನರ ವಿವರ ಕಲೆಹಾಕಿದರು. 23 ಜನರಿಗೆ ರಕ್ತಸ್ರಾವದ ತೊಂದರೆ ಇತ್ತು, ಹೆಂಗಸರಿಗೂ ಇತ್ತು. ಹಾಗಾಗಿ ಇದು ಹಿಮೋಫಿಲಿಯಾ ಅಲ್ಲ, ಬೇರೆಯದೇ ಅಂತ ಗುರುತಿಸಿದರು. ಆಗ ಆ ಪ್ರೋಟೀನಿನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗಿ ಮುಂದೆ ತನ್ನ ನಾಲ್ಕನೇ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಇದನ್ನು ಓದಿದ ದಿನ ನನಗೆ ತುಂಬ ಹೊತ್ತು ಏನೂ ಮಾಡಲಾಗಲಿಲ್ಲ.

ಕೇಳುವುದಕ್ಕೆ ಈಗ ಒಂದು ಕ್ರಮವೂ ಇದೆ. ಪ್ರತಿ ಲಕ್ಷಣಕ್ಕೆ ಅಂಕ ಕೊಟ್ಟು ಕೂಡಿಸುವ ಅಂತರರಾಷ್ಟ್ರೀಯ ಪ್ರಶ್ನಾವಳಿ 2010ರಿಂದ ಬಳಕೆಯಲ್ಲಿದೆ. ದೊಡ್ಡ ಗಂಡಸರಲ್ಲಿ 4, ಹೆಂಗಸರಲ್ಲಿ 6, ಮಕ್ಕಳಲ್ಲಿ 3 ದಾಟಿದರೆ ಅಥವಾ ಅಷ್ಟೇ ಬಂದರೆ ಮುಂದಿನ ಪರೀಕ್ಷೆ ಬೇಕು. ಆದರೆ ಅಂಕವನ್ನೇ ನೆಚ್ಚಿಕೊಳ್ಳುವ ಹಾಗೂ ಇಲ್ಲ. ಹಲ್ಲು ಕೀಳಿಸದ, ಆಪರೇಷನ್ ಆಗದ, ಇನ್ನೂ ಮುಟ್ಟಾಗದ ಹುಡುಗಿಗೆ ಅಂಕ ಎಲ್ಲಿಂದ ಬರಬೇಕು? ಅವಳ ರಕ್ತಕ್ಕೆ ಪರೀಕ್ಷೆಯೇ ಒದಗಿಲ್ಲ, ಅಲ್ವಾ? ಹಾಗೆಯೇ "ಮನೆಯಲ್ಲಿ ಯಾರಿಗೂ ಇಲ್ಲ" ಅನ್ನುವುದೂ ಪೂರ್ತಿ ಉತ್ತರವಲ್ಲ. ಹಿಮೋಫಿಲಿಯಾದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜೀನಿನಲ್ಲಾದ ಹೊಸ ಬದಲಾವಣೆಯಿಂದ ಬರುತ್ತದೆ, ಹಿಂದೆ ಯಾರಿಗೂ ಇರುವುದಿಲ್ಲ.

ಬೇಡದ ಕಡೆ ರಕ್ತ ಹೆಪ್ಪುಗಟ್ಟುವವರಿಗೂ ಇದೇ ಮಾತು. ಚಿಕ್ಕ ವಯಸ್ಸಿನಲ್ಲಿ ಆಯಿತಾ, ಹೊಟ್ಟೆಯ ಅಥವಾ ಮಿದುಳಿನ ರಕ್ತನಾಳದಂಥ ಅಪರೂಪದ ಜಾಗದಲ್ಲಿ ಆಯಿತಾ, ಒಡಹುಟ್ಟಿದವರಿಗೆ ಆಗಿದೆಯಾ ಅಂತ ಕೇಳಲೇಬೇಕು.

ನನ್ನ ರಿಪೋರ್ಟ್ ಬಂದಮೇಲೆ ಅದೇ ಪ್ರಶ್ನೆಗಳನ್ನು ಅಮ್ಮನಿಗೆ ಕೇಳಿದೆ. "ಯಾರೂ ಹೀಗೆ ಕೇಳಿರಲಿಲ್ಲ ಕಣೇ" ಅಂದರು. ಆಮೇಲೆ ನಿಲ್ಲಿಸಲೇ ಇಲ್ಲ, ಅಜ್ಜಿಯ ಅಕ್ಕನವರೆಗೂ ಹೇಳುತ್ತಾ ಹೋದರು. ಮುಂದಿನ ತಿಂಗಳು ಚಿಕ್ಕಮ್ಮನಿಗೆ ಗರ್ಭಕೋಶದ ಆಪರೇಷನ್ ಇದೆ. ಅವರನ್ನೂ ಕೂರಿಸಿಕೊಂಡು ಎಲ್ಲ ಬರೆದುಕೊಂಡಿದ್ದೇನೆ. ಆ ಹಾಳೆಯನ್ನು ಅವರ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.