ಬಾಗಿಲಿಂದ ಕಂಡ ಗುವಾಹಟಿ

ಗುವಾಹಟಿಗೆ ಎಷ್ಟು ಸಲ ಹೋಗಿ ಬಂದಿದ್ದೇನೋ ನನಗೇ ಲೆಕ್ಕವಿಲ್ಲ. ಕಾಮಾಖ್ಯ ದೇವಸ್ಥಾನ ಮಾತ್ರ ನೋಡಿಲ್ಲ. ಬ್ರಹ್ಮಪುತ್ರವನ್ನು ಕಿಟಕಿಯಿಂದ ಅರ್ಧ ನೋಡಿದ್ದೇನೆ. ಇನ್ನರ್ಧ ನೋಡೋಣ ಅನ್ನುವಷ್ಟರಲ್ಲಿ ಯಾರೋ ನೀರು ಬೇಕು ಅಂತ ಬೆಲ್ ಒತ್ತಿದರು. ಗಗನಸಖಿಯ ಕೆಲಸವೇ ಹಾಗೆ. ಇಳಿದ ಮುಕ್ಕಾಲು ಗಂಟೆಯೊಳಗೆ ಅದೇ ವಿಮಾನ ವಾಪಸ್ ಹೊರಡಬೇಕು. ಅಷ್ಟರಲ್ಲಿ ಸೀಟುಗಳ ಸಂದಿ ತಡಕಬೇಕು, ತಲೆಗೊಂದು ದಿಕ್ಕಿಗೆ ಬಿದ್ದ ಬೆಲ್ಟುಗಳನ್ನು ಸರಿ ಮಾಡಬೇಕು, ಹೊಸದಾಗಿ ಹತ್ತುವವರಿಗೆ ಕೈ ಮುಗಿಯಬೇಕು. ಹಿಂದಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಗಾಳಿಯಿದೆಯಲ್ಲ, ಅದೇ ನನ್ನ ಅಸ್ಸಾಂ ಪ್ರವಾಸ.

ಸಾಗರದ ಚಿಕ್ಕಮ್ಮ ಇದನ್ನು ಸುತಾರಾಂ ಒಪ್ಪುವುದಿಲ್ಲ. "ಅಲ್ಲಿ ತನಕ ಹೋದವಳಿಗೆ ಒಂದು ಚಿಟಿಕೆ ಕುಂಕುಮ ತರಕ್ಕೆ ಆಗಲ್ವೇನೇ?"

ನಮ್ಮ ಬೆಳಗು ಶುರುವಾಗುವುದು ರಾತ್ರಿ ಎರಡೂವರೆಗೆ. ಬನಶಂಕರಿಯ ಗಲ್ಲಿಯಲ್ಲಿ ಆ ಹೊತ್ತಿಗೆ ಕೆಂಪು ಲಿಪ್‌ಸ್ಟಿಕ್ ಬಳಿದು, ತುರುಬು ಬಿಗಿದು, ಟ್ರಾಲಿ ಬ್ಯಾಗ್ ಗಡಗಡ ಎಳೆದುಕೊಂಡು ಹೊರಟರೆ ಬೀದಿಯ ಅಷ್ಟೂ ನಾಯಿಗಳು ಕ್ಯಾಬ್ ತನಕ ಬಿಟ್ಟು ಬರುತ್ತವೆ. ನಾಯಿಗಳು ಬೊಗಳಿದರೆ ಎದುರು ಮನೆ ಆಂಟಿಯ ಲೈಟ್ ಹತ್ತುತ್ತದೆ. ಪಾಪ, ಅವರಿಗೂ ನಿದ್ದೆ ಕಡಿಮೆ. ಸಂಜೆ ಡ್ಯೂಟಿ ಇದ್ದರೆ ನಾಯಿಗಳ ಕಾಟವಿಲ್ಲ, ಟ್ರಾಫಿಕ್ ಇದೆ. ನಾನು ದೇವನಹಳ್ಳಿ ಮುಟ್ಟುವ ಹೊತ್ತಿಗೆ ವಿಮಾನವೊಂದು ಬೆಂಗಳೂರು ಬಿಟ್ಟು ಮುಂಬೈಯಲ್ಲಿ ಇಳಿದಿರುತ್ತದೆ. ಹಾರಾಟದ ಭತ್ಯೆ ಲೆಕ್ಕಕ್ಕೆ ಬರುವುದು ವಿಮಾನ ಜರುಗಿದ ಮೇಲೆ. ಹೆಬ್ಬಾಳದಲ್ಲಿ ಜರುಗದೇ ಕೂತಿದ್ದಕ್ಕೆ ಯಾರೂ ಕೊಡುವುದಿಲ್ಲ.

ಊಟದ ಕಥೆ ಬೇರೆಯೇ. ಹಾರುವಾಗ ಒಳಗಿನ ಗಾಳಿಯ ಒತ್ತಡ 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯೇ 6,300 ಅಡಿ ಚಿಲ್ಲರೆ. ಚಿಪ್ಸ್ ಪ್ಯಾಕೆಟ್ ಬಲೂನಿನಂತೆ ಉಬ್ಬುವುದನ್ನು ನೀವೂ ನೋಡಿರುತ್ತೀರಿ. ಹೊಟ್ಟೆಯೊಳಗಿನ ಗಾಳಿಗೂ ಅದೇ ನಿಯಮ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವರೆಬೇಳೆ ಮೇಳಕ್ಕೆ ಹೋಗಿ ಹಿತಕಿದಬೇಳೆ ಸಾರಿನಿಂದ ಹಿಡಿದು ಅವರೆಕಾಳು ದೋಸೆ ತನಕ ಏನನ್ನೂ ಬಿಡದೆ ತಿಂದು, ಮರುದಿನ ದೆಹಲಿ ವಿಮಾನ ಹತ್ತಿದ್ದಳು. ನಾಗಪುರ ದಾಟುವಷ್ಟರಲ್ಲಿ ಅವಳ ನಗು ಯೂನಿಫಾರ್ಮಿನಷ್ಟೇ ಬಿಗಿಯಾಗಿತ್ತು. ಮುಂದಿನದನ್ನು ಅವಳ ಮರ್ಯಾದೆಗಾಗಿ ಬಿಡುತ್ತೇನೆ.

ನೆಗಡಿಯಾದರೂ ಮನೆಮದ್ದಿಗೆ ಯೋಚಿಸಬೇಕು. ಡ್ಯೂಟಿಗೆ ಮುಂಚೆ ಯಂತ್ರಕ್ಕೆ ಊದಿ, ಕುಡಿದಿಲ್ಲ ಅಂತ ತೋರಿಸಬೇಕಲ್ಲ. ಮದ್ಯಸಾರ ಇರುವ ಮೌತ್‌ವಾಶ್ ಕೂಡ ಬಳಸುವ ಹಾಗಿಲ್ಲ ಅನ್ನುತ್ತದೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ. ಅಜ್ಜಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು? ಊರಿಗೆ ಹೋದಾಗಲೆಲ್ಲ ದಶಮೂಲಾರಿಷ್ಟದ ಬಾಟಲಿ ಹಿಡಿದು ನಿಲ್ಲುತ್ತಾರೆ. ಅರಿಷ್ಟ ಹುದುಗಿದಾಗ ಅದರಲ್ಲೇ ಆಲ್ಕೋಹಾಲ್ ಹುಟ್ಟುತ್ತೆ ಅಜ್ಜಿ, ಕೆಲಸ ಹೋಗುತ್ತೆ ಅಂದೆ. ಅಜ್ಜಿ ಬಾಟಲಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಹಾಗಾದ್ರೆ ನಲವತ್ತು ವರ್ಷದಿಂದ ನಾನು ಕುಡಿಯೋದು ಏನೇ?"

ಇನ್ನು ಸ್ಟಾಫ್ ಟಿಕೆಟ್. ನೆಂಟರ ಪ್ರಕಾರ ನಾನು ಬೇಕೆಂದಾಗ, ಬೇಕಾದಲ್ಲಿಗೆ ಪುಕ್ಕಟೆ ಹಾರುತ್ತೇನೆ. ನಿಜ ಏನೆಂದರೆ, ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ನನಗೆ. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ಶುರುವಾದಾಗ ಮನೆಯಲ್ಲಿ ದೊಡ್ಡ ಸಂಭ್ರಮ. ಇನ್ನು ಮಗಳು ವಾರ ವಾರ ಬರುತ್ತಾಳೆ ಅಂತ. ಆದರೆ ಆ ದಾರಿಯದು ಪುಟ್ಟ ವಿಮಾನ, ಹಬ್ಬದಲ್ಲಿ ಊರಿಗೆ ಹೊರಡುವವರು ಬೆಂಗಳೂರು ತುಂಬ. ದೀಪಾವಳಿಯ ಮುನ್ನಾದಿನ ಕೌಂಟರ್ ಪಕ್ಕ ನಿಂತಿದ್ದೆ. ಒಬ್ಬರು ಇನ್ನೂ ಬಂದಿರಲಿಲ್ಲ. ಟ್ರಾಫಿಕ್ ಜಾಮ್ ಆಗಲಿ ಅಂತ ಬೇಡಿಕೊಂಡ ಬೆಂಗಳೂರಿನ ಏಕೈಕ ಪ್ರಾಣಿ ಅವತ್ತು ನಾನೇ ಇರಬೇಕು. ಕೌಂಟರ್ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಅವರು ಏದುಸಿರು ಬಿಡುತ್ತಾ ಓಡಿ ಬಂದರು. ನನ್ನನ್ನು ನೋಡಿ "ಸದ್ಯ, ಸಿಕ್ತು!" ಅಂತ ಖುಷಿ ಬೇರೆ ಹಂಚಿಕೊಂಡರು. ಅಭ್ಯಾಸಬಲ, ನಾನೂ ಹಲ್ಲು ಕಿರಿದೆ.

ಏರ್‌ಪೋರ್ಟ್ ಬಸ್ಸು ವಾಯು ವಜ್ರ ಹತ್ತಿ ಮೆಜೆಸ್ಟಿಕ್‌ಗೆ ಬಂದೆ. ಸಾಗರದ ಬಸ್ಸು ತುಂಬಿ ತುಳುಕುತ್ತಿತ್ತು. ತುಮಕೂರು ತನಕ ಕಂಬಿ ಹಿಡಿದು ನಿಂತೆ. ಪಕ್ಕದ ಸೀಟಿನ ಹಿರಿಯರು ಮಾತಿಗೆಳೆದರು.

"ಏನು ಕೆಲಸಮ್ಮ ನಿಂದು?"

"ವಿಮಾನದಲ್ಲಿ ಸರ್."

ಅವರು ನನ್ನ ಬ್ಯಾಗ್ ನೋಡಿದರು, ಆಮೇಲೆ ಬಸ್ಸನ್ನು ನೋಡಿದರು. "ಮತ್ತೆ ಇಲ್ಲಿ?"

"ಸ್ಟಾಫ್ ಟಿಕೆಟ್ಟಿಗೆ ಸೀಟು ಸಿಗಲಿಲ್ಲ."

"ಅಯ್ಯೋ, ಅದೆಂಥಾ ಕಂಪನಿನಮ್ಮ!" ಅವರಿಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟರಲ್ಲಿ ಕಂಡಕ್ಟರ್ ಬಂದರು. ಹಿರಿಯರು ಜೇಬಿನಿಂದ ಒಂದು ಕಾರ್ಡ್ ಅರ್ಧ ಎತ್ತಿ ತೋರಿಸಿದರು. ಡಿಪೋದಲ್ಲಿ ಮೆಕ್ಯಾನಿಕ್ ಅಂತೆ. ಪಾಸ್ ಇದೆ. ಸೀಟೂ ಇದೆ, ಅದೂ ಕಿಟಕಿ ಪಕ್ಕದ್ದು.